ಮಾಡಿದೆನೋ, ಮಾಡಿಸಿತೋ? ದಿನನಿತ್ಯದ ಆಯ್ಕೆಗಳಲ್ಲಿ ನಮ್ಮ ಪಾಲೆಷ್ಟು?

ನನ್ನ ಬಟ್ಟೆಯ ಕಪಾಟಿನಲ್ಲಿ ಒಂಬತ್ತು ಅಂಗಿಗಳಿವೆ. ಅವುಗಳಲ್ಲಿ ಆರು ನೀಲಿ. ತಿಳಿನೀಲಿ, ಕಡುನೀಲಿ, ಗೆರೆಯಿರುವ ನೀಲಿ, ಒಗೆದೊಗೆದು ಬಿಳಿಚಿಕೊಂಡ ನೀಲಿ. ಒಂದೊಂದನ್ನೂ ನಾನೇ ಹೋಗಿ, ನಾನೇ ನೋಡಿ, ನನ್ನದೇ ಹಣ ಕೊಟ್ಟು ತಂದದ್ದು. ಯಾರೂ ಕೈಹಿಡಿದು ಎಳೆದಿರಲಿಲ್ಲ. ಅಂಗಡಿಯಲ್ಲಿ ಬೇರೆ ಬಣ್ಣ ಇರಲಿಲ್ಲ ಎಂದೂ ಅಲ್ಲ. ಕೇಳಿದವರಿಗೆ ‘ನನಗೆ ನೀಲಿ ಇಷ್ಟ’ ಎನ್ನುತ್ತೇನೆ. ಏಕೆ ಇಷ್ಟ ಎಂಬ ಮರುಪ್ರಶ್ನೆ ಬಂದರೆ ಮಾತ್ರ ಬಾಯಿ ಕಟ್ಟುತ್ತದೆ. ನೀಲಿಯನ್ನು ಇಷ್ಟಪಡಬೇಕು ಎಂದು ನಾನು ಎಂದೂ ಕುಳಿತು ತೀರ್ಮಾನಿಸಿದ ನೆನಪಿಲ್ಲ.

ಈ ವಿಚಾರದಲ್ಲಿ ಕನ್ನಡ ವ್ಯಾಕರಣ ನನಗಿಂತ ಪ್ರಾಮಾಣಿಕ. ಆರಿಸಿದೆ, ಕೊಂಡೆ, ಹೊರಟೆ ಎನ್ನುವಾಗ ‘ನಾನು’ ಪ್ರಥಮಾ ವಿಭಕ್ತಿಯಲ್ಲಿ, ಕರ್ತೃವಿನ ಪೀಠದಲ್ಲಿ ಠೀವಿಯಿಂದ ಕುಳಿತಿರುತ್ತದೆ. ಬಯಕೆಯ ಮಾತು ಬಂದೊಡನೆ ಅದೇ ‘ನಾನು’ ಪೀಠದಿಂದಿಳಿದು ಚತುರ್ಥಿಗೆ ಸರಿಯುತ್ತದೆ: ನನಗೆ ಬೇಕು, ನನಗೆ ಇಷ್ಟ, ನನಗೆ ಹಸಿವಾಯಿತು, ನನಗೆ ಕೋಪ ಬಂತು, ನನಗೆ ಹಾಗನ್ನಿಸಿತು. ಕೋಪ ತಾನಾಗಿ ಬರುತ್ತದೆ. ನಾನು ಅದು ಬಂದಿಳಿಯುವ ಜಾಗ, ಅಷ್ಟೇ. ಅಂಗಿ ಕೊಂಡದ್ದು ನಾನು, ಆದರೆ ಬೇಕಾದದ್ದು ನನಗೆ. ಜರ್ಮನ್ ತತ್ತ್ವಜ್ಞಾನಿ ಶೋಪೆನ್‌ಹಾವರ್ 1839ರಲ್ಲಿ ನಾರ್ವೆಯ ವಿಜ್ಞಾನ ಸಂಸ್ಥೆಯ ಬಹುಮಾನ ಪಡೆದ ಪ್ರಬಂಧದಲ್ಲಿ ಹಿಡಿದು ಜಗ್ಗಿದ್ದು ಇದೇ ಎಳೆಯನ್ನು: ಬಯಸಿದ್ದನ್ನು ಮಾಡಬಹುದು, ಸರಿ, ಆದರೆ ಆ ಬಯಕೆಯನ್ನೇ ಬಯಸಿ ತಂದುಕೊಳ್ಳಲಾದೀತೆ? ಅವನಿಗೆ ಪುಟಗಟ್ಟಲೆ ಬೇಕಾದ ಮಾತನ್ನು ನಾವು ದಿನವೂ ಒಂದು ‘ಗೆ’ ಪ್ರತ್ಯಯದಲ್ಲಿ ಮುಗಿಸುತ್ತಿದ್ದೇವೆ.

ಹಾಗಾದರೆ ನಮಗೆ ಆಯ್ಕೆಯ ಸ್ವಾತಂತ್ರ್ಯ ಇದೆಯೇ, ಇಲ್ಲವೇ? ಇದೆ ಎನ್ನುವವರೂ ಇಲ್ಲ ಎನ್ನುವವರೂ ಸಾಮಾನ್ಯವಾಗಿ ದಿಟ್ಟಿಸುವುದು ಒಂದೇ ಕ್ಷಣವನ್ನು, ಕೈ ಅಂಗಿಯ ಮೇಲೆ ಬೀಳುವ ಆ ಕ್ಷಣವನ್ನು. ಜಗಳ ಬಗೆಹರಿಯದಿರುವುದು ಅದರಿಂದಲೇ ಎಂದು ನನ್ನ ಅನುಮಾನ. ಆ ಕ್ಷಣದಲ್ಲಿ ನಮ್ಮ ಪಾಲು ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಅದಕ್ಕೆ ಮುಂಚಿನ ಮತ್ತು ಅನಂತರದ ಹೊತ್ತಿನಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು.

ಮೊದಲು ಹಳೆಯ ವಾದವೊಂದನ್ನು ದಾಟಿಕೊಳ್ಳೋಣ. ಬುದ್ಧ, ಮಹಾವೀರರ ಕಾಲದಲ್ಲೇ ಬಾಳಿದ ಆಜೀವಕ ಪಂಥದ ಗುರು ಮಖ್ಖಲಿ ಗೋಸಾಲ, ಎಲ್ಲವೂ ನಿಯತಿ ಎಂದ. ಎಸೆದ ನೂಲಿನ ಉಂಡೆ ತನ್ನ ಉದ್ದ ಎಷ್ಟಿದೆಯೋ ಅಷ್ಟು ಬಿಚ್ಚಿಕೊಂಡು ನಿಲ್ಲುತ್ತದೆ. ಜೀವಿಗಳ ಬಾಳೂ ಹಾಗೆಯೇ, ಪ್ರಯತ್ನಕ್ಕೆ ಅಲ್ಲಿ ಕೆಲಸವಿಲ್ಲ ಎಂಬುದು ಅವನ ಉಪಮೆ. 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಅದನ್ನೇ ಭೌತವಿಜ್ಞಾನದ ಭಾಷೆಗೆ ತಂದ: ಈ ಕ್ಷಣದಲ್ಲಿ ವಿಶ್ವದ ಪ್ರತಿ ಕಣ ಎಲ್ಲಿದೆ, ಅದರ ಮೇಲೆ ಯಾವ ಬಲಗಳಿವೆ ಎಂದು ತಿಳಿದಿರುವ ಬುದ್ಧಿಯೊಂದಿದ್ದರೆ ಅದಕ್ಕೆ ನಾಳೆಯೂ ನಿನ್ನೆಯಷ್ಟೇ ಸ್ಪಷ್ಟ. ಇಪ್ಪತ್ತನೆಯ ಶತಮಾನದ ಕ್ವಾಂಟಮ್ ಸಿದ್ಧಾಂತ ಈ ಚಿತ್ರವನ್ನು ಕದಡಿತು. ಪರಮಾಣುಗಳ ಮಟ್ಟದಲ್ಲಿ ಸಂಭವನೀಯತೆಯನ್ನಷ್ಟೇ ಹೇಳಬಹುದು ಎಂದಿತು. ಅದನ್ನು ಕೇಳಿ ನಿಟ್ಟುಸಿರು ಬಿಟ್ಟವರು ಬಹಳ ಮಂದಿ. ನನಗಂತೂ ಅದರಲ್ಲಿ ಸಮಾಧಾನ ಕಾಣಿಸಿಲ್ಲ. ದಾಳ ಉರುಳಿಸಿ ನನ್ನ ಅಂಗಿಯ ಬಣ್ಣ ತೀರ್ಮಾನವಾದರೆ ಅದು ಅದೃಷ್ಟವಾದೀತು, ನನ್ನ ಆಯ್ಕೆ ಹೇಗಾದೀತು?

ಇಲ್ಲಿ ಒಂದು ಗಂಟನ್ನು ಬಿಡಿಸಿದರೆ ಮುಂದಿನ ದಾರಿ ಸಲೀಸು. ಕಾರಣವಿರುವುದು ಬೇರೆ, ಬಲವಂತವಿರುವುದು ಬೇರೆ. ಬಾಯಾರಿದ್ದರಿಂದ ಒಬ್ಬ ಎದ್ದು ಬಾಗಿಲ ಕಡೆಗೆ ನಡೆದ. ಇನ್ನೊಬ್ಬನನ್ನು ಇಬ್ಬರು ಹಿಡಿದು ಬಾಗಿಲಾಚೆ ದಬ್ಬಿದರು. ಎರಡೂ ಕ್ರಿಯೆಗಳಿಗೆ ಕಾರಣವಿದೆ. ಆದರೆ ಮೊದಲನೆಯವನ ವಿಷಯದಲ್ಲಿ ಕಾರಣ ಅವನ ಮೂಲಕವೇ ಹಾದು ಬಂತು: ಅವನ ಬಾಯಾರಿಕೆ, ನೀರು ಎಲ್ಲಿದೆ ಎಂಬ ಅವನ ತಿಳಿವು, ಈಗ ಏಳಬಹುದು ಎಂಬ ಅವನ ಲೆಕ್ಕ. ಎರಡನೆಯವನನ್ನು ಅದು ಒಳಹೊಗದೆ ಬದಿಯಿಂದಲೇ ದಾಟಿಹೋಯಿತು. ಕಾರಣವೇ ಇಲ್ಲದ ಆಯ್ಕೆಯನ್ನು ಸ್ವಾತಂತ್ರ್ಯ ಎಂದು ಕರೆಯಲು ಹೊರಟರೆ ಕೈಗೆ ಸಿಗುವುದು ಹುಚ್ಚಾಟ ಮಾತ್ರ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣ, ಯುದ್ಧ ಮಾಡುವುದಿಲ್ಲ ಎಂದು ನೀನು ಹಟ ಹಿಡಿದರೂ ನಿನ್ನ ಸ್ವಭಾವವೇ ನಿನ್ನಿಂದ ಅದನ್ನು ಮಾಡಿಸುತ್ತದೆ ಎಂದು ಅರ್ಜುನನಿಗೆ ಹೇಳುತ್ತಾನೆ. ಅಲ್ಲಿಂದ ಮೂರೇ ಶ್ಲೋಕ ದಾಟುವಷ್ಟರಲ್ಲಿ, ಇದೆಲ್ಲವನ್ನೂ ಪೂರ್ತಿ ವಿಮರ್ಶಿಸಿ ‘ಯಥೇಚ್ಛಸಿ ತಥಾ ಕುರು’, ನಿನಗೆ ಇಷ್ಟ ಬಂದಂತೆ ಮಾಡು ಎನ್ನುತ್ತಾನೆ. ಚಿಕ್ಕಂದಿನಲ್ಲಿ ಇದು ನನಗೆ ಶುದ್ಧ ವಿರೋಧಾಭಾಸ ಎನಿಸಿತ್ತು. ಈಗ ಆ ಎರಡು ಮಾತುಗಳ ನಡುವೆ ಸದ್ದಿಲ್ಲದೆ ಕುಳಿತಿರುವ ‘ವಿಮರ್ಶಿಸಿ’ ಎಂಬ ಪದದ ಮೇಲೆ ಕಣ್ಣು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಅದು ಮಿದುಳಿನ ಪ್ರಯೋಗಾಲಯದಲ್ಲೂ ಎದುರಾಗಲಿದೆ.

ಸ್ವತಂತ್ರ ಇಚ್ಛೆ ಎಂಬುದು ಭ್ರಮೆ ಎಂದು ವಾದಿಸುವವರು ತಪ್ಪದೆ ಹೆಸರಿಸುವ ಪ್ರಯೋಗ ಅಮೆರಿಕದ ಶರೀರಶಾಸ್ತ್ರಜ್ಞ ಬೆಂಜಮಿನ್ ಲಿಬೆಟ್‌ನದು. ಅದರ ಹಿನ್ನೆಲೆ 1965ರದು. ಜರ್ಮನಿಯ ಕಾರ್ನ್‌ಹೂಬರ್ ಮತ್ತು ಡೀಕೆ, ಮನುಷ್ಯ ತಾನಾಗಿ ಬೆರಳು ಆಡಿಸುವ ಮೊದಲೇ ಮಿದುಳಿನ ವಿದ್ಯುತ್ ಸಂಕೇತದಲ್ಲಿ ನಿಧಾನವಾದ ಏರಿಕೆಯೊಂದು ಶುರುವಾಗಿರುತ್ತದೆ ಎಂದು ಕಂಡುಕೊಂಡಿದ್ದರು. ಅದಕ್ಕೆ ‘ಸಿದ್ಧತಾ ವಿಭವ’ ಎನ್ನಬಹುದು. ಲಿಬೆಟ್ ಕೇಳಿದ ಪ್ರಶ್ನೆ ಸರಳ: ಮಿದುಳಿನ ಈ ಸಿದ್ಧತೆ ಮೊದಲೋ, ‘ಈಗ ಆಡಿಸುತ್ತೇನೆ’ ಎಂಬ ನಮ್ಮ ಅರಿವು ಮೊದಲೋ?

1983ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಭಾಗವಹಿಸಿದವರು ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿಕೊಂಡು ಗಡಿಯಾರದಂಥ ಮುಖಫಲಕವೊಂದರ ಮುಂದೆ ಕುಳಿತರು. ಅದರ ಅಂಚಿನಲ್ಲಿ ಬೆಳಕಿನ ಚುಕ್ಕೆಯೊಂದು ಸುಮಾರು ಎರಡೂವರೆ ಸೆಕೆಂಡಿಗೊಂದು ಸುತ್ತು ಹಾಕುತ್ತಿತ್ತು. ಮನಸ್ಸು ಬಂದಾಗ ಮಣಿಕಟ್ಟನ್ನು ಬಾಗಿಸಬೇಕು. ಹಾಗೆ ಮನಸ್ಸು ಬಂದ ಗಳಿಗೆಯಲ್ಲಿ ಚುಕ್ಕೆ ಎಲ್ಲಿತ್ತು ಎಂಬುದನ್ನು ಅನಂತರ ಹೇಳಬೇಕು. ಲೆಕ್ಕ ಹಾಕಿ ನೋಡಿದಾಗ, ಮನಸ್ಸು ಬಂದದ್ದು ಕೈ ಆಡುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮೊದಲು. ಮಿದುಳಿನ ಸಿದ್ಧತೆ ಶುರುವಾದದ್ದು ಸುಮಾರು 550 ಮಿಲಿಸೆಕೆಂಡ್ ಮೊದಲು. ಅಂದರೆ ‘ನಾನು’ ತೀರ್ಮಾನಿಸುವ ಮೂರನೇ ಒಂದು ಸೆಕೆಂಡಿನಷ್ಟು ಮುಂಚೆಯೇ ಒಳಗೆ ಏನೋ ಹೊರಟಿತ್ತು. 2008ರಲ್ಲಿ ಜರ್ಮನಿಯ ಜಾನ್-ಡೈಲನ್ ಹೇಯ್ನ್ಸ್ ಅವರ ತಂಡ ಮಿದುಳಿನ ಸ್ಕ್ಯಾನ್ ಬಳಸಿ, ಎಡಗುಂಡಿಯೋ ಬಲಗುಂಡಿಯೋ ಎಂಬುದರ ಸುಳಿವು ಹಲವು ಸೆಕೆಂಡುಗಳ ಮೊದಲೇ ಸಿಗುತ್ತದೆ ಎಂದು ತೋರಿಸಿತು. ಪತ್ರಿಕೆಗಳು ಇದನ್ನು ಮಿದುಳು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ ಎಂದು ಬರೆದವು. ಆ ಊಹೆ ಸರಿಯಾಗುತ್ತಿದ್ದುದು ನೂರಕ್ಕೆ ಸುಮಾರು 60 ಬಾರಿ ಎಂಬುದು ಬರಹದ ಅಡಿಯಲ್ಲೆಲ್ಲೋ ಉಳಿದುಹೋಯಿತು. ನಾಣ್ಯ ಚಿಮ್ಮಿ ಊಹಿಸಿದರೇ 50 ಬಾರಿ ಸರಿಯಾಗುತ್ತದೆ.

ಲಿಬೆಟ್‌ನ ಫಲಿತಾಂಶವನ್ನು ಅದರದೇ ನೆಲದಲ್ಲಿ ಅಲುಗಾಡಿಸಿದ್ದು 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರ ವಿಶ್ಲೇಷಣೆ. ಅದನ್ನು ಹೀಗೆ ಕಲ್ಪಿಸಿಕೊಳ್ಳಿ. ನೀವು ಸಮುದ್ರದ ದಂಡೆಯಲ್ಲಿ ಅಲೆಗಳಿಂದ ತುಸು ದೂರ ನಿಂತಿದ್ದೀರಿ. ಅಲೆಗಳು ಏರುತ್ತವೆ, ಇಳಿಯುತ್ತವೆ. ಹೆಚ್ಚಿನವು ನಿಮ್ಮವರೆಗೆ ಬರುವುದಿಲ್ಲ. ಎಲ್ಲೋ ಒಂದು ಬಂದು ಪಾದ ತೋಯಿಸುತ್ತದೆ. ಪಾದ ತೋಯಿಸಿದ ಅಲೆಗಳನ್ನು ಮಾತ್ರ ಆರಿಸಿ, ಅವುಗಳ ಚಲನಚಿತ್ರವನ್ನು ಹಿಂದಕ್ಕೆ ಓಡಿಸಿ ನೋಡಿದರೆ, ಪ್ರತಿಯೊಂದೂ ನಿಮ್ಮ ಪಾದವನ್ನೇ ಗುರಿಯಿಟ್ಟು ಹೊರಟಂತೆ ಕಾಣುತ್ತದೆ. ಹೊರಟಾಗ ಅದಕ್ಕೆ ಅಂಥ ಯಾವ ಉದ್ದೇಶವೂ ಇರಲಿಲ್ಲ. ಮಿದುಳಿನಲ್ಲೂ ಸಂಕೇತಗಳ ಗದ್ದಲ ಸದಾ ಏರಿಳಿಯುತ್ತಿರುತ್ತದೆ. ಯಾವಾಗ ಬೇಕಾದರೂ ಕೈ ಆಡಿಸಿ, ಯಾವ ಕಾರಣವೂ ಬೇಡ ಎಂದಾಗ, ಆ ಏರಿಳಿತ ಹೊಸ್ತಿಲು ಮುಟ್ಟಿದ ಗಳಿಗೆಯಲ್ಲಿ ಕೈ ಆಡುತ್ತದೆ. ಆಡಿದ ಗಳಿಗೆಗಳಿಂದ ಹಿಂದಕ್ಕೆ ಸರಾಸರಿ ತೆಗೆದರೆ ನಿಧಾನವಾದ ಏರಿಕೆ ಕಂಡೇ ಕಾಣುತ್ತದೆ. ಅದು ಗುಟ್ಟಾಗಿ ಮೊದಲೇ ಆಗಿಹೋದ ತೀರ್ಮಾನವೇ ಆಗಬೇಕಿಲ್ಲ.

ಇದಕ್ಕಿಂತ ನನಗೆ ಮುಖ್ಯವೆನಿಸುವುದು 2019ರ ಇನ್ನೊಂದು ಪ್ರಯೋಗ. ಊರಿ ಮಾವೋಜ್, ಲಿಯಾದ್ ಮುದ್ರಿಕ್ ಮತ್ತು ಸಂಗಡಿಗರು ಮಣಿಕಟ್ಟು ಬಾಗಿಸುವ ಅರ್ಥವಿಲ್ಲದ ಕೆಲಸವನ್ನು ಬದಿಗಿಟ್ಟು, ಭಾಗವಹಿಸಿದವರ ಮುಂದೆ ನಿಜವಾದ ಸೇವಾ ಸಂಸ್ಥೆಗಳ ಹೆಸರುಗಳನ್ನು ಜೋಡಿಜೋಡಿಯಾಗಿ ಇಟ್ಟರು. ಕೆಲವು ಸುತ್ತುಗಳಲ್ಲಿ ಯಾವುದನ್ನು ಒತ್ತಿದರೂ ಎರಡಕ್ಕೂ ಪಾಲು ಸಮ. ಉಳಿದ ಸುತ್ತುಗಳಲ್ಲಿ ಒತ್ತಿದ ಸಂಸ್ಥೆಗೆ ನಿಜವಾಗಿಯೂ ದೇಣಿಗೆ ಹೋಗುವ ಸಾಧ್ಯತೆಯಿತ್ತು. ಸುಮ್ಮನೆ ಒತ್ತಿದ ಸುತ್ತುಗಳಲ್ಲಿ ಆ ಪ್ರಸಿದ್ಧ ಏರಿಕೆ ಕಾಣಿಸಿತು. ತೂಗಿ ನೋಡಿ ಒತ್ತಿದ ಸುತ್ತುಗಳಲ್ಲಿ ಅದು ಬಹುಮಟ್ಟಿಗೆ ಇರಲೇ ಇಲ್ಲ. ವಿಮರ್ಶಿಸಿ ಮಾಡಿದ ಕೆಲಸಕ್ಕೂ ಸುಮ್ಮನೆ ಮಾಡಿದ ಕೆಲಸಕ್ಕೂ ಮಿದುಳಿನಲ್ಲಿ ದಾರಿ ಬೇರೆ ಬೇರೆ ಎಂದಾದರೆ, ಮಣಿಕಟ್ಟಿನ ಲೆಕ್ಕವನ್ನು ತಂದು ಮದುವೆ, ಉದ್ಯೋಗ, ಮತದಾನದ ಮೇಲೆ ಹೇರುವುದು ದುಡುಕು. ಹಾಗೆಂದು ಸ್ವತಂತ್ರ ಇಚ್ಛೆ ಸಾಬೀತಾಯಿತು ಎಂದೂ ಅಲ್ಲ. ತೂಗುವ ಮಿದುಳೂ ಮಿದುಳೇ. ಅದರ ತಕ್ಕಡಿಯ ಬಟ್ಟುಗಳನ್ನು ಅದು ತಾನೇ ಎರಕ ಹೊಯ್ದುಕೊಂಡದ್ದಲ್ಲ.

ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಲಿಬೆಟ್ ಅಲ್ಲ. ಸ್ವೀಡನ್ನಿನ ಪೀಟರ್ ಯೋಹಾನ್ಸನ್, ಲಾರ್ಸ್ ಹಾಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಕೈಚಳಕ. ಸಂಶೋಧಕ ಎರಡು ಮುಖಗಳ ಚಿತ್ರಗಳನ್ನು ಹಿಡಿದು, ಯಾವ ಮುಖ ನಿಮಗೆ ಹೆಚ್ಚು ಚೆಲುವು ಎಂದು ಕೇಳುತ್ತಾನೆ. ನೀವು ಒಂದನ್ನು ತೋರಿಸುತ್ತೀರಿ. ಅವನು ಎರಡೂ ಚಿತ್ರಗಳನ್ನು ಮೇಜಿನ ಮೇಲೆ ಕವುಚಿಹಾಕಿ, ನೀವು ಆರಿಸಿದ್ದನ್ನು ನಿಮ್ಮ ಕಡೆಗೆ ಸರಿಸಿ, ಇದನ್ನು ಏಕೆ ಆರಿಸಿದಿರಿ ಹೇಳಿ ಎನ್ನುತ್ತಾನೆ. ನೀವು ಚಿತ್ರ ಎತ್ತಿ ನೋಡುತ್ತಾ ಕಾರಣ ಹೇಳುತ್ತೀರಿ. ಕೆಲವು ಸುತ್ತುಗಳಲ್ಲಿ ಅವನು ಜಾದೂಗಾರನ ಹಾಗೆ ಚಿತ್ರಗಳನ್ನು ಅದಲುಬದಲು ಮಾಡಿರುತ್ತಾನೆ. ನಿಮ್ಮ ಕೈಯಲ್ಲಿರುವುದು ನೀವು ಬೇಡವೆಂದ ಮುಖ. ಬಹುಪಾಲು ಸುತ್ತುಗಳಲ್ಲಿ ಈ ಅದಲುಬದಲು ಯಾರ ಗಮನಕ್ಕೂ ಬರಲಿಲ್ಲ. ಸಾಲದ್ದಕ್ಕೆ ಅವರು ಕಾರಣವನ್ನೂ ಕೊಟ್ಟರು, ಸಲೀಸಾಗಿ, ತಡವರಿಸದೆ. ಆರಿಸದ ಮುಖದಲ್ಲಿ ಮಾತ್ರ ಇದ್ದ ಕಿವಿಯೋಲೆಯನ್ನು ಮೆಚ್ಚಿ ಆರಿಸಿದೆ ಎಂದವರೂ ಇದ್ದರು.

ಆ ಮಾತು ಸುಳ್ಳಲ್ಲ, ಗಮನಿಸಿ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ಇವರು ತಮ್ಮ ಕೈಯಲ್ಲಿರುವುದನ್ನು ನೋಡಿ, ಇದನ್ನು ಆರಿಸಿದವನಿಗೆ ಏನು ಕಾರಣವಿದ್ದೀತು ಎಂದು ಊಹಿಸಿ, ಆ ಊಹೆಯನ್ನೇ ನೆನಪು ಎಂದುಕೊಂಡರು. ಇದಕ್ಕೂ ಮೊದಲು, 1977ರಲ್ಲಿ, ನಿಸ್ಬೆಟ್ ಮತ್ತು ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇಂಥದೇ ಒಂದು ಸಂಗತಿಯನ್ನು ವರದಿ ಮಾಡಿದ್ದರು. ಸಾಲಾಗಿಟ್ಟ ನಾಲ್ಕು ಜೊತೆ ಕಾಲುಚೀಲಗಳಲ್ಲಿ ಉತ್ತಮವಾದುದನ್ನು ಆರಿಸಿ ಎಂದಾಗ ಎಲ್ಲಕ್ಕಿಂತ ಹೆಚ್ಚು ಮಂದಿ ಬಲತುದಿಯದನ್ನು ಎತ್ತಿಕೊಂಡರು. ನಾಲ್ಕೂ ಒಂದೇ ಬಗೆಯವು. ಏಕೆ ಎಂದು ಕೇಳಿದರೆ ಅದರ ಗುಣದ ಮಾತು ಬಂತು. ಇಟ್ಟ ಜಾಗದ ಮಾತನ್ನು ಯಾರೂ ತಾವಾಗಿ ಎತ್ತಲಿಲ್ಲ. ಜಾಗದಿಂದ ಹೀಗಾಗಿರಬಹುದೇ ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಅಲ್ಲಗಳೆದರು. ಇದನ್ನು ಓದಿದ ದಿನ ನಾನು ಕಪಾಟು ತೆರೆದು, ನೀಲಿಯ ಬಗ್ಗೆ ಇಷ್ಟು ವರ್ಷ ಹೇಳುತ್ತ ಬಂದ ವಿವರಣೆಗಳನ್ನೆಲ್ಲ ಒಂದೊಂದಾಗಿ ನೆನೆದುಕೊಂಡೆ. ಕಣ್ಣಿಗೆ ತಂಪು, ಕೊಳೆ ಕಾಣುವುದಿಲ್ಲ, ಎಲ್ಲಕ್ಕೂ ಹೊಂದುತ್ತದೆ. ಎಲ್ಲವೂ ಕಿವಿಯೋಲೆಗಳೇ ಇರಬಹುದು.

ಇನ್ನು ಆಯ್ಕೆಯ ಕ್ಷಣಕ್ಕೆ ಮುಂಚಿನ ಹೊತ್ತು. ಪಾಣಿನಿಯ ಸೂತ್ರವೊಂದಿದೆ: ‘ಸ್ವತಂತ್ರಃ ಕರ್ತಾ’. ವಾಕ್ಯದ ಕ್ರಿಯೆಯಲ್ಲಿ ಯಾರು ಸ್ವತಂತ್ರರೋ ಅವರೇ ಕರ್ತೃ. ನಿಟ್ಟುಸಿರು ಬಿಡುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು ಸೂತ್ರ ಬರುತ್ತದೆ: ‘ತತ್ಪ್ರಯೋಜಕೋ ಹೇತುಶ್ಚ’. ಆ ಕರ್ತೃವನ್ನು ಕೆಲಸಕ್ಕೆ ಹಚ್ಚುವವನೂ ಕರ್ತೃವೇ, ಅವನಿಗೆ ಹೇತು ಎಂದೂ ಹೆಸರು. ಕನ್ನಡದಲ್ಲಿ ಈ ಎರಡನೆಯವನಿಗೆ ನಾವು ಒಂದು ‘ಇಸು’ ಕೊಟ್ಟಿದ್ದೇವೆ. ಮಾಡಿದ, ಮಾಡಿಸಿದ. ಕುಣಿದ, ಕುಣಿಸಿದ. ಪಾಣಿನಿ ಹೇಳುತ್ತಿದ್ದುದು ಪದಗಳ ಸಂಬಂಧವನ್ನು, ಇಚ್ಛೆಯ ತತ್ತ್ವವನ್ನಲ್ಲ. ಆದರೂ ಇಷ್ಟು ಹರಿತವಾದ ಸಲಕರಣೆ ಕೈಗೆ ಸಿಕ್ಕಮೇಲೆ ಬಳಸದಿರಲು ನನಗೆ ಮನಸ್ಸಾಗುವುದಿಲ್ಲ. ಕುಣಿದವನು ಸ್ವತಂತ್ರನೇ, ಅವನ ಕಾಲು ಅವನದೇ. ಆದರೂ ವಾಕ್ಯದಲ್ಲಿ ಇನ್ನೊಬ್ಬರಿರಬಹುದು.

ದಿನನಿತ್ಯದ ಬದುಕಿನಲ್ಲಿ ಈ ‘ಇಸು’ವಿನ ಅತಿ ದೊಡ್ಡ ರೂಪ ಯಾವುದು ಗೊತ್ತೇ? ಅಪ್ಪಣೆಯಲ್ಲ, ಬೆದರಿಕೆಯಲ್ಲ, ಜಾಹೀರಾತೂ ಅಲ್ಲ. ನಾವು ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಟ್ಟಿರುವುದು. 2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್, ಮರಣಾನಂತರ ಅಂಗದಾನಕ್ಕೆ ಒಪ್ಪಿಗೆ ಇರುವವರ ಪ್ರಮಾಣವನ್ನು ಯುರೋಪಿನ ದೇಶಗಳಲ್ಲಿ ಹೋಲಿಸಿದರು. ಜರ್ಮನಿಯಲ್ಲಿ ಅದು ಶೇಕಡಾ 12. ಗಡಿಯಾಚೆಯ, ಅದೇ ಭಾಷೆ ಆಡುವ ಆಸ್ಟ್ರಿಯಾದಲ್ಲಿ ಶೇಕಡಾ 99ಕ್ಕೂ ಹೆಚ್ಚು. ಆಸ್ಟ್ರಿಯಾದವರು ಅಷ್ಟೊಂದು ಉದಾರಿಗಳೇ? ವ್ಯತ್ಯಾಸ ಇದ್ದದ್ದು ನಿಯಮದಲ್ಲಿ. ಜರ್ಮನಿಯಲ್ಲಿ ಒಪ್ಪಿಗೆ ಇದ್ದವರು ತಾವಾಗಿ ಅದನ್ನು ತಿಳಿಸಬೇಕಿತ್ತು. ಆಸ್ಟ್ರಿಯಾದಲ್ಲಿ ಒಪ್ಪಿಗೆ ಇಲ್ಲದವರು ನೋಂದಾಯಿಸಬೇಕಿತ್ತು. ಎರಡೂ ಕಡೆ ಯಾರಿಗೂ ಬಾಗಿಲು ಮುಚ್ಚಿರಲಿಲ್ಲ. ಎರಡೂ ಕಡೆ ಬಹಳಷ್ಟು ಜನ ಇದ್ದಲ್ಲೇ ಉಳಿದರು. (ಕಾಗದದ ಮೇಲಿನ ಒಪ್ಪಿಗೆ ಏರಿದಷ್ಟು ನಿಜವಾದ ದಾನ ಏರುವುದಿಲ್ಲ, ಅದಕ್ಕೆ ಆಸ್ಪತ್ರೆಗಳ ವ್ಯವಸ್ಥೆ, ಮನೆಯವರ ಸಮ್ಮತಿ ಎಲ್ಲ ಬೇಕು. ಅದು ಬೇರೆಯೇ ಕಥೆ.) ಇಷ್ಟು ಗಂಭೀರವಾದ ವಿಷಯದಲ್ಲಿ ಕೋಟ್ಯಂತರ ಜನರ ‘ಆಯ್ಕೆ’ಯನ್ನು ಒಂದು ನಿಯಮದ ಒಕ್ಕಣೆ ತೀರ್ಮಾನಿಸಿತು. ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ.

ನನ್ನದೇ ಒಂದು ಅನುಭವ. ಸಂಗೀತ ಕೇಳುವ ಆ್ಯಪ್ ಒಂದಕ್ಕೆ ಚಂದಾ ಕಟ್ಟಿದ್ದೆ. ಸೇರಿಕೊಳ್ಳಲು ಹಿಡಿದದ್ದು ಎರಡು ಒತ್ತು, ಅರ್ಧ ನಿಮಿಷ. ಬಿಡಲು ಹೊರಟಾಗ ಮೊದಲು ಗುಂಡಿಯೇ ಕಾಣಲಿಲ್ಲ. ‘ಖಾತೆ’ಯೊಳಗೆ ‘ಯೋಜನೆ’, ಅದರೊಳಗೆ ‘ಇನ್ನಷ್ಟು’, ಅದರ ತಳದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರ. ಒತ್ತಿದೆ. ‘ನಿಜವಾಗಿಯೂ ಹೊರಡುತ್ತೀರಾ?’ ಎಂಬ ಪರದೆ. ಹೌದು. ‘ನಿಮ್ಮ ಹಾಡುಗಳ ಪಟ್ಟಿ ಅಳಿಸಿಹೋಗುತ್ತದೆ.’ ಇರಲಿ. ‘ಮೂರು ತಿಂಗಳು ಅರ್ಧ ಬೆಲೆ!’ ಬೇಡ. ಕೊನೆಯ ಪರದೆಯಲ್ಲಿ ಎರಡು ಗುಂಡಿಗಳು. ದೊಡ್ಡದು, ಹಸಿರು: ‘ಉಳಿಯುತ್ತೇನೆ’. ಚಿಕ್ಕದು, ಹೆಚ್ಚುಕಡಿಮೆ ಹಿನ್ನೆಲೆಯ ಬಣ್ಣದ್ದೇ: ‘ನನಗೆ ಒಳ್ಳೆಯ ಸಂಗೀತ ಬೇಕಿಲ್ಲ’. ಬೆರಳು ತಾನಾಗಿ ಹಸಿರಿನ ಕಡೆಗೆ ಹೋಯಿತು. ಆ ಜಾಗದಲ್ಲಿ ಆ ಬಣ್ಣದ ಗುಂಡಿ ಎಂದರೆ ‘ಮುಂದೆ’ ಎಂದು ಬೆರಳಿಗೆ ಅಭ್ಯಾಸವಾಗಿತ್ತು. ಇನ್ನೊಂದು ತಿಂಗಳ ಹಣ ಕಟ್ಟಿದೆ. ದಾಖಲೆಯ ಪ್ರಕಾರ ಉಳಿಯುವ ಆಯ್ಕೆ ಮಾಡಿದ್ದು ನಾನೇ, ತಾರೀಖು ಗಂಟೆ ನಿಮಿಷ ಸಮೇತ. ಇಂಥ ತಂತ್ರಗಳಿಗೆ ವಿನ್ಯಾಸಕಾರ ಹ್ಯಾರಿ ಬ್ರಿಗ್ನಲ್ 2010ರಲ್ಲೇ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರು ಕೊಟ್ಟರು. ಮೊದಲೇ ಸರಿಗುರುತು ಹಾಕಿಟ್ಟ ಚೌಕವನ್ನು ಬಳಕೆದಾರ ಅಳಿಸದೆ ಬಿಟ್ಟರೆ ಅದು ಒಪ್ಪಿಗೆಯಾಗುವುದಿಲ್ಲ ಎಂದು ಯುರೋಪಿನ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ತತ್ತ್ವಜ್ಞಾನಿಗಳು ಇನ್ನೂ ಚರ್ಚಿಸುತ್ತಿರುವಾಗ ನ್ಯಾಯಾಲಯವೊಂದು ಮಾಡಿದ್ದಕ್ಕೂ ಮಾಡಿಸಿದ್ದಕ್ಕೂ ನಡುವೆ ಗೆರೆ ಎಳೆದೇಬಿಟ್ಟಿತು.

ಆಯ್ಕೆಗಳ ಸಂಖ್ಯೆ ಹೆಚ್ಚಿದಷ್ಟೂ ಸ್ವಾತಂತ್ರ್ಯ ಹೆಚ್ಚು ಎಂಬ ನಂಬಿಕೆಯನ್ನೂ, ಸಂಖ್ಯೆ ಹೆಚ್ಚಿದರೆ ಜನ ಆರಿಸಲಾಗದೆ ಕೈಚೆಲ್ಲುತ್ತಾರೆ ಎಂಬ ಈಚಿನ ಜನಪ್ರಿಯ ನಂಬಿಕೆಯನ್ನೂ ನಾನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಎರಡನೆಯದಕ್ಕೆ ಮೂಲವಾದ 2000ರ ಜಾಮ್ ಪ್ರಯೋಗ ಎಲ್ಲರಿಗೂ ಪರಿಚಿತ. 24 ಬಗೆ ಇಟ್ಟಾಗ ಕೊಂಡವರು ಆರು ಬಗೆ ಇಟ್ಟಾಗಿನದಕ್ಕಿಂತ ಬಹಳ ಕಡಿಮೆ. ಹತ್ತು ವರ್ಷದ ಬಳಿಕ ಇಂಥ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂದು ನಿಂತಿತು. ಎಷ್ಟು ಬಾಗಿಲು ಎಂಬುದಕ್ಕಿಂತ ಬಾಗಿಲುಗಳು ಎಲ್ಲಿಗೆ ತೆರೆಯುತ್ತವೆ ಎಂಬುದು ನನಗೆ ದೊಡ್ಡ ಪ್ರಶ್ನೆ.

ಬಾಗಿಲು ಎಂದಾಗ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ನೆನಪಾಗುತ್ತಾನೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅವನೊಂದು ಸನ್ನಿವೇಶ ಕಟ್ಟಿದ. ಗಾಢನಿದ್ರೆಯಲ್ಲಿದ್ದ ಒಬ್ಬನನ್ನು ಎತ್ತಿಕೊಂಡು ಹೋಗಿ ಕೋಣೆಯೊಂದರಲ್ಲಿ ಮಲಗಿಸುತ್ತಾರೆ. ಅಲ್ಲಿ ಅವನು ಎಷ್ಟೋ ದಿನದಿಂದ ನೋಡಬೇಕೆಂದಿದ್ದ ವ್ಯಕ್ತಿ ಇದ್ದಾರೆ. ಹೊರಗಿನಿಂದ ಬೀಗ ಹಾಕಲಾಗಿದೆ. ಎಚ್ಚರವಾದವನು ಸಂತೋಷಪಟ್ಟು, ಹೊರಡುವ ಯೋಚನೆಯೇ ಇಲ್ಲದೆ ಮಾತಿಗೆ ಕೂರುತ್ತಾನೆ. ಅವನು ಅಲ್ಲಿರುವುದು ತನ್ನ ಇಷ್ಟದಿಂದಲೇ. ಆದರೆ ಸ್ವತಂತ್ರನೇ? ಅಲ್ಲ ಎನ್ನುತ್ತಾನೆ ಲಾಕ್. ಬಾಗಿಲು ತಳ್ಳಿ ನೋಡದವನಿಗೆ ಬೀಗದ ಸುದ್ದಿ ಗೊತ್ತಾಗುವುದಿಲ್ಲ, ಅಷ್ಟೇ. ಈ ಕೋಣೆಯನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ‘ನನಗೇನೂ ಹೊರಗೆ ಹೋಗಿ ದುಡಿಯುವ ಆಸೆ ಇರಲಿಲ್ಲ’ ಎನ್ನುವ ಹಿರಿಯ ಹೆಣ್ಣುಮಕ್ಕಳ ಮಾತಿನಲ್ಲಿ ಎಷ್ಟು ಪಾಲು ಇಷ್ಟ, ಎಷ್ಟು ಪಾಲು ತಳ್ಳಿ ನೋಡದ ಬಾಗಿಲು? ಅವರನ್ನೇ ಕೇಳಿದರೂ ಉತ್ತರ ಸಿಗಲಿಕ್ಕಿಲ್ಲ. ಸಿಗದ್ದನ್ನು ಬೇಡವೆಂದುಕೊಳ್ಳುವುದು ಮನಸ್ಸಿನ ಹಳೆಯ ಅಭ್ಯಾಸ. ಕೈಗೆಟುಕದ ದ್ರಾಕ್ಷಿ ಹುಳಿ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇದನ್ನು ಇನ್ನೊಂದು ಜೋಡಿಯಲ್ಲಿ ಹೇಳಿದ್ದಾರೆ. ಉಪವಾಸ ಮಾಡುವವನ ಹೊಟ್ಟೆಯೂ ಖಾಲಿ, ಹಸಿದು ಬಿದ್ದವನ ಹೊಟ್ಟೆಯೂ ಖಾಲಿ. ದೇಹಕ್ಕೆ ಎರಡೂ ಒಂದೇ. ಉಪವಾಸಿಗೆ ಎದ್ದು ಹೋಗಿ ಉಣ್ಣುವ ದಾರಿಯಿದೆ, ಇನ್ನೊಬ್ಬನಿಗಿಲ್ಲ. ಆಯ್ಕೆಯನ್ನು ಮಾಡಿದ್ದರ ಮೇಲೆ ಮಾತ್ರ ಅಳೆದರೆ ಈ ಇಬ್ಬರೂ ಒಂದೇ ಆಗಿಬಿಡುತ್ತಾರೆ. ಬಡತನದ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಅದು ಬಾಗಿಲುಗಳನ್ನು ಮುಚ್ಚುವುದಷ್ಟೇ ಅಲ್ಲ, ತೆರೆದ ಬಾಗಿಲುಗಳನ್ನು ನೋಡಲು ಬೇಕಾದ ವ್ಯವಧಾನವನ್ನೂ ಕಿತ್ತುಕೊಳ್ಳುತ್ತದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು, ಕೈಯಲ್ಲಿ ಕಾಸಿಲ್ಲದಾಗ ಒಮ್ಮೆ, ಕಟಾವಿನ ನಂತರ ಹಣ ಬಂದಾಗ ಒಮ್ಮೆ ಪರೀಕ್ಷಿಸಿತು. ಅದೇ ಮನುಷ್ಯ, ಅದೇ ತಲೆ. ಹಣವಿಲ್ಲದ ತಿಂಗಳಲ್ಲಿ ಯೋಚನೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದ. ‘ಬಡವರು ಕೆಟ್ಟ ತೀರ್ಮಾನ ಮಾಡುತ್ತಾರೆ’ ಎಂದು ಹಗುರವಾಗಿ ಆಡುವವರು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡುತ್ತಿರಬಹುದು. ವಿಮರ್ಶಿಸುವುದಕ್ಕೂ ಮನಸ್ಸಿನಲ್ಲಿ ಜಾಗ ಬೇಕು, ಆ ಜಾಗವೂ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ.

ಇಷ್ಟೆಲ್ಲ ಕಳೆದ ಮೇಲೆ ನಮ್ಮ ಪಾಲಿಗೆ ಉಳಿಯುವುದೇನು? ಮತ್ತೆ ‘ನನಗೆ ಬೇಕು’ ಎಂಬಲ್ಲಿಗೇ ಬರಬೇಕು. ಬೇಕು ಎಂಬುದು ತಾನಾಗಿ ಬಂದಿಳಿಯುತ್ತದೆ, ನಿಜ. ಆದರೆ ಬಂದಿಳಿದ ಮೇಲೆ ಮನುಷ್ಯನಿಗೆ ಒಂದು ವಿಚಿತ್ರ ಸಾಮರ್ಥ್ಯವಿದೆ: ಈ ಬೇಕು ನನಗೆ ಬೇಕೆ ಎಂದು ಕೇಳಿಕೊಳ್ಳುವುದು. ಅಮೆರಿಕದ ತತ್ತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1971ರಲ್ಲಿ ಇದನ್ನು ಎರಡನೆಯ ಹಂತದ ಬಯಕೆ ಎಂದು ಕರೆದರು. ಇಬ್ಬರು ವ್ಯಸನಿಗಳನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಮದ್ದು ಬೇಕು, ಇಬ್ಬರೂ ತೆಗೆದುಕೊಳ್ಳುತ್ತಾರೆ. ಒಬ್ಬನಿಗೆ ಆ ಬೇಕು ಬೇಡ. ಅದರೊಡನೆ ಗುದ್ದಾಡಿ ಸೋಲುತ್ತಾನೆ. ಇನ್ನೊಬ್ಬನಿಗೆ ಆ ಪ್ರಶ್ನೆಯೇ ಹುಟ್ಟಿಲ್ಲ. ಸೋತರೂ ಮೊದಲನೆಯವನಲ್ಲಿ ಪಕ್ಷ ವಹಿಸುವ ಒಬ್ಬ ‘ನಾನು’ ಇದ್ದಾನೆ. ಫ್ರಾಂಕ್‌ಫರ್ಟ್‌ಗೆ ವ್ಯಕ್ತಿ ಎಂದರೆ ಈ ಪಕ್ಷ ವಹಿಸುವಿಕೆಯೇ.

ಆ ‘ನಾನು’ ಎದುರಾಎದುರು ನಿಂತು ಗೆಲ್ಲುವುದು ಅಪರೂಪ. ಗೆಲ್ಲುವುದಾದರೆ ಕ್ಷಣ ಬರುವ ಮೊದಲೇ ಏನಾದರೂ ಮಾಡಿಟ್ಟಿರಬೇಕು. ಫಿಲಿಪ್ಪೀನ್ಸಿನಲ್ಲಿ ಜೇವಿಯರ್ ಜಿನೆ, ಡೀನ್ ಕಾರ್ಲನ್, ಜೊನಾಥನ್ ಜಿನ್‌ಮನ್ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಧೂಮಪಾನಿಗಳಿಗೆ ಒಂದು ವಿಚಿತ್ರ ಬ್ಯಾಂಕ್ ಖಾತೆಯನ್ನು ಮುಂದಿಟ್ಟರು. ಆರು ತಿಂಗಳು ಅದರಲ್ಲಿ ನಿಮ್ಮದೇ ಹಣ ಹಾಕಿ. ಆಮೇಲೆ ಪರೀಕ್ಷೆಯಲ್ಲಿ ನಿಕೋಟಿನ್ ಕಂಡರೆ ಅಷ್ಟೂ ಹಣ ಹೋಯಿತು, ಬಡ್ಡಿಯಂತೂ ಮೊದಲೇ ಇಲ್ಲ. ತನ್ನನ್ನೇ ದಂಡಿಸಿಕೊಳ್ಳುವ ಈ ಒಪ್ಪಂದಕ್ಕೆ ಶೇಕಡಾ 11ರಷ್ಟು ಜನ ಸಹಿ ಹಾಕಿದರು. ಅವಕಾಶ ಸಿಕ್ಕವರಲ್ಲಿ ಪರೀಕ್ಷೆ ಪಾಸಾದವರ ಪ್ರಮಾಣ ಉಳಿದವರಿಗಿಂತ ಶೇಕಡಾ 3 ಅಂಶಗಳಷ್ಟು ಹೆಚ್ಚಿತ್ತು. ದೊಡ್ಡ ಗೆಲುವೇನಲ್ಲ. ನನ್ನ ಆಸಕ್ತಿ ಆ ಸಹಿಯಲ್ಲಿ. ಸಂಜೆ ಆರಕ್ಕೆ ಸಿಗರೇಟು ‘ಬೇಕಾಗುವ’ ತನ್ನ ಕೈಯನ್ನು ಬೆಳಗ್ಗೆ ಹತ್ತಕ್ಕೇ ಕಟ್ಟಿಹಾಕಲು ಒಬ್ಬ ಹಣ ತೆರುತ್ತಿದ್ದಾನೆ. ಇಲ್ಲಿ ಮಾಡಿಸುವವನೂ ಮಾಡುವವನೂ ಒಬ್ಬನೇ. ‘ಇಸು’ ಅವನ ಕೈಗೇ ಬಂದಿದೆ.

ಚಂದಾ ಪ್ರಸಂಗದ ಬಳಿಕ ನಾನೂ ಇಂಥ ಸಣ್ಣ ಕಟ್ಟುಗಳನ್ನು ಹಾಕಿಕೊಂಡಿದ್ದೇನೆ. ಯಾವುದೇ ಸೇವೆಗೆ ಸೇರಿದ ದಿನವೇ ಬಿಡುವ ದಿನದ ಅಲಾರಂ ಇಡುತ್ತೇನೆ. ರಾತ್ರಿ ಮೊಬೈಲ್ ಪಕ್ಕದ ಕೋಣೆಯಲ್ಲಿ ಮಲಗುತ್ತದೆ. ಇದರಲ್ಲಿ ಇಚ್ಛಾಶಕ್ತಿ ಏನೂ ಇಲ್ಲ. ರಾತ್ರಿ ಹನ್ನೊಂದು ಗಂಟೆಯ ನನ್ನನ್ನು ನಾನು ನಂಬುವುದಿಲ್ಲ ಎಂಬ ಅರಿವಷ್ಟೇ ಇದೆ.

ಅಂಗಿಯ ವಿಚಾರಕ್ಕೆ ಬಂದರೆ, ಈ ಬರಹದ ಕರಡು ಮುಗಿದ ವಾರ ಬಟ್ಟೆ ಅಂಗಡಿಗೆ ಹೋಗಿದ್ದೆ. ಕೈ ಎಂದಿನಂತೆ ನೀಲಿಯ ಮೇಲೆ ಹೋಯಿತು. ನಿಂತೆ. ಈ ಬೇಕು ಬೇಕೆ ಎಂದು ಕೇಳಿಕೊಂಡೆ. ಪಕ್ಕದಲ್ಲಿದ್ದ ಗಿಳಿಹಸಿರನ್ನು ಎತ್ತಿಕೊಂಡು ಬಂದೆ. ಮನೆಯಲ್ಲಿ ನೋಡಿದವರು, ‘ನಿಮಗೆ ಈ ಬಣ್ಣ ಎಷ್ಟು ಚೆನ್ನಾಗಿ ಒಪ್ಪುತ್ತದೆ!’ ಎಂದರು. ಅಂದಿನಿಂದ ವಾರಕ್ಕೆ ಎರಡು ಸಲವಾದರೂ ಅದನ್ನೇ ತೊಡುತ್ತಿದ್ದೇನೆ, ಕಪಾಟು ತೆರೆದರೆ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ. ಅದನ್ನು ಕೊಂಡದ್ದು ನಾನೋ, ಈ ಬರಹವೋ ಎಂದು ಮೊನ್ನೆ ಯಾರೋ ಕೇಳಿದರು. ನನಗೆ ಹಸಿರು ಇಷ್ಟ ಎಂದೆ.